ಕೆಂಬಾವುಟ ಕಪ್ಪಾಗಿದ್ದು ಹೇಗೆ?

ಆಗಿನ ರಷ್ಯದ ರಾಜಧಾನಿ ಪೆಟ್ರೋಗ್ರಾಡ್‌ನ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) 1917ರ ಮೆರವಣಿಗೆಗಳ ಫೋಟೋಗಳಲ್ಲಿ ಬಾವುಟಗಳೆಲ್ಲ ಕಡುಗಪ್ಪು. ಜಾರ್ ದೊರೆಯನ್ನು ಕೆಳಗಿಳಿಸಿದ ಫೆಬ್ರವರಿ ಕ್ರಾಂತಿಯಲ್ಲಿ ಮಡಿದವರನ್ನು ಮಾರ್ಚ್ 23ರಂದು ಮಾರ್ಸ್ ಮೈದಾನದಲ್ಲಿ ಮಣ್ಣು ಮಾಡಿದ ದಿನದ ಚಿತ್ರಗಳನ್ನೇ ನೋಡಿ. ಕಿಕ್ಕಿರಿದ ಜನರ ತಲೆಯ ಮೇಲೆ ಕಪ್ಪು ಬಟ್ಟೆಗಳ ಸಾಲು. ಶವಯಾತ್ರೆ ತಾನೇ, ಅದಕ್ಕೇ ಕಪ್ಪು ಎಂದು ಯಾರಾದರೂ ಅಂದುಕೊಂಡಾರು. ಆದರೆ ಅವು ಬಹುಪಾಲು ಕೆಂಬಾವುಟಗಳು. ಅವಕ್ಕೆ ಕಪ್ಪು ಬಳಿದದ್ದು ಶೋಕವಲ್ಲ, ಗಾಜಿನ ಪ್ಲೇಟಿನ ಮೇಲಿದ್ದ ಬೆಳ್ಳಿಯ ಲವಣ.

ಜೆಲಟಿನ್ ಲೇಪದೊಳಗಿನ ಸಿಲ್ವರ್ ಬ್ರೋಮೈಡ್ ಹರಳು ತಾನಾಗಿ ಸ್ಪಂದಿಸುವುದು ನೀಲಿ, ನೇರಳೆ, ಅತಿನೇರಳೆ ಬೆಳಕಿಗೆ ಮಾತ್ರ. ಲೇಪಕ್ಕೆ ಕೆಲವು ವರ್ಣದ್ರವ್ಯ ಬೆರೆಸಿದರೆ ಅದು ಹಸಿರು, ಹಳದಿಗೂ ಸ್ಪಂದಿಸುತ್ತದೆ ಎಂದು 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಕಂಡುಕೊಂಡ. ಹೀಗೆ ಬಂದ ಆರ್ಥೋಕ್ರೊಮ್ಯಾಟಿಕ್ ಪ್ಲೇಟಿನ ಸಂವೇದನೆ ಸುಮಾರು 580 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಕೆಂಪು ಶುರುವಾಗುವುದೇ 620ರ ಸುಮಾರಿಗೆ. ಕೆಂಪು ಬಟ್ಟೆಯಿಂದ ಬಂದ ಬೆಳಕು ಪ್ಲೇಟಿನ ಪಾಲಿಗೆ ಬಂದೇ ಇಲ್ಲ. ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟುಗಳು 1906ರಿಂದಲೇ ಇಂಗ್ಲೆಂಡಿನಲ್ಲಿ ಮಾರಾಟಕ್ಕಿದ್ದವು. ಆದರೆ ಅವನ್ನು ಕಗ್ಗತ್ತಲಲ್ಲೇ ತೊಳೆಯಬೇಕು. ಹಳೆಯ ಬಗೆಯವನ್ನಾದರೆ ಕೆಂಪು ದೀಪದಡಿ ಕಣ್ಣಾರೆ ನೋಡುತ್ತ, ಚಿತ್ರ ಎಷ್ಟು ಮೂಡಿದೆ ಎಂದು ಅಂದಾಜಿಸುತ್ತ ತೊಳೆಯಬಹುದಿತ್ತು. ಸುದ್ದಿ ಫೋಟೋಗ್ರಾಫರನಿಗೆ ಬೇಕಾದದ್ದು ಇದೇ.

ಇದರಿಂದ ಬಾವುಟದ ಮೇಲಿನ ಬರಹಕ್ಕೂ ತೊಂದರೆ. ಬಿಳಿ ಬಣ್ಣದಲ್ಲಿ ಬರೆದ ಘೋಷಣೆ ನಿಚ್ಚಳವಾಗಿ ಓದಲು ಸಿಗುತ್ತದೆ. ಹೊಂಬಣ್ಣದ ಅಕ್ಷರ ಮಾತ್ರ ಮಂಕು ಬೂದಿಯಾಗಿ ಬಟ್ಟೆಯಲ್ಲೇ ಕರಗಿಹೋಗುತ್ತದೆ. ಖಾಲಿ ಬ್ಯಾನರ್ ಎಂದು ವಿವರಣೆ ಬರೆಯುವ ಮುನ್ನ ನೆಗೆಟಿವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಪ್ರಿಂಟಿನ ಕಪ್ಪಿನಲ್ಲಿ ಸತ್ತುಹೋದ ಅಕ್ಷರ ನೆಗೆಟಿವಿನಲ್ಲಿ ಎಷ್ಟೋ ಸಲ ಜೀವಂತವಿರುತ್ತದೆ.

ಇನ್ನೂ ಕಷ್ಟದ ಪ್ರಸಂಗವೆಂದರೆ ನಿಜವಾಗಿಯೂ ಕಪ್ಪು ಬಾವುಟಗಳೇ ಇದ್ದ ಮೆರವಣಿಗೆ. 1921ರ ಫೆಬ್ರವರಿ 13ರಂದು ಮಾಸ್ಕೋದಲ್ಲಿ ಅರಾಜಕತಾವಾದಿ ಕ್ರೊಪೊಟ್ಕಿನ್‌ನ ಅಂತ್ಯಯಾತ್ರೆ ನಡೆಯಿತು. ಅರಾಜಕತಾವಾದಿಗಳ ಬಾವುಟದ ಬಣ್ಣವೇ ಕಪ್ಪು. ಅಂಥ ಚಿತ್ರದಲ್ಲಿ ಕೆಂಪು ಯಾವುದು, ಕಪ್ಪು ಯಾವುದು ಎಂದು ಛಾಯೆ ನೋಡಿ ಹೇಳುವ ಮಾತೇ ಇಲ್ಲ. ಘೋಷಣೆ ಓದಬೇಕು, ಇಲ್ಲವೇ ಅಂದಿನ ಪತ್ರಿಕಾ ವರದಿ ಹುಡುಕಬೇಕು. 1920ರ ದಶಕದ ಕೊನೆಯ ಹೊತ್ತಿಗೆ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದಂತೆ ಕೆಂಬಾವುಟ ಕಪ್ಪಿನಿಂದ ಬೂದಿಗೆ ತಿರುಗುತ್ತದೆ. ತಾರೀಖಿಲ್ಲದ ಚಿತ್ರಕ್ಕೆ ಇದೂ ಒಂದು ಸುಳಿವು, ಆದರೆ ಇದೊಂದನ್ನೇ ನಂಬಿ ಕೂರುವಷ್ಟು ಗಟ್ಟಿಯಲ್ಲ.

ಬಣ್ಣದ ಕಥೆ ಇದಾದರೆ, ವೇಗದ್ದು ಬೇರೆಯೇ. ಆ ಕಾಲದ ಪ್ಲೇಟಿನ ಸಂವೇದನೆಯನ್ನು ಇಂದಿನ ಅಳತೆಯಲ್ಲಿ ಐಎಸ್‌ಒ 20 ಎಂದು ಹಿಡಿಯೋಣ. ಮೋಡ ಕವಿದ ದಿನ, ಮಸೂರದ ಕಿಂಡಿ ಎಫ್/4.5ರಷ್ಟು ಅಗಲವಿದ್ದರೂ ಷಟರ್ ಸುಮಾರು 1/25 ಸೆಕೆಂಡ್ ತೆರೆದಿರಬೇಕು. ಅಷ್ಟರಲ್ಲಿ ನಡೆದು ಹೋಗುವವನು ಐದಾರು ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ. 180 ಮಿಲಿಮೀಟರ್ ಮಸೂರ, 20 ಮೀಟರ್ ದೂರ ಎಂದಾದರೆ ಪ್ಲೇಟಿನ ಮೇಲೆ ಅದು ಅರ್ಧ ಮಿಲಿಮೀಟರ್ ಮಸುಕು. ಭಾಷಣಕಾರನ ಮುಖ ಸ್ಪಷ್ಟವಾಗಿದ್ದು ಬೀಸುವ ಕೈ ಹೊಗೆಯಂತಾಗಿದ್ದರೆ ಅದು ಆ ಕಾಲದ ಅಸಲಿ ಚಿತ್ರದ ಲಕ್ಷಣ. ಕೈ, ಬಾವುಟ, ಟೋಪಿ ಎಲ್ಲವೂ ಕಡೆದಿಟ್ಟಂತೆ ಸ್ಪಷ್ಟವಾಗಿದ್ದರೆ ಒಂದೋ ಬಿರುಬಿಸಿಲಿತ್ತು, ಇಲ್ಲವೇ ಎಲ್ಲರೂ ಕ್ಯಾಮೆರಾಕ್ಕೆಂದೇ ನಿಂತಿದ್ದರು.

1917ರ ಜುಲೈ 4ರಂದು ನೆವ್‌ಸ್ಕಿ ಮತ್ತು ಸಡೊವಾಯಾ ಬೀದಿಗಳ ಕೂಡಿನಲ್ಲಿ ಗುಂಡು ಹಾರಿ ಜನ ಚೆಲ್ಲಾಪಿಲ್ಲಿಯಾಗಿ ಓಡುವ, ಫೋಟೋಗ್ರಾಫರ್ ವಿಕ್ಟರ್ ಬುಲ್ಲಾ ತೆಗೆದ ಚಿತ್ರ ಪ್ರಸಿದ್ಧ. ಓಡುವವರು ಅಷ್ಟು ಸ್ಪಷ್ಟವಾಗಿ ಹೇಗೆ ಬಂದರು? ಬೇಸಿಗೆಯ ಹಗಲು, ಮೇಲಂತಸ್ತಿನಿಂದ ತೆಗೆದ ನೋಟ, ಮನುಷ್ಯರು ಚಿಕ್ಕವರು. 60 ಮೀಟರ್ ದೂರದಲ್ಲಿ, 1/100 ಸೆಕೆಂಡಿನಲ್ಲಿ, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುವವನ ಮಸುಕು ಅದೇ ಮಸೂರದಲ್ಲಿ 0.12 ಮಿಲಿಮೀಟರ್ ಮಾತ್ರ. ದೂರವೇ ಆ ಚಿತ್ರವನ್ನು ಕಾಪಾಡಿದೆ.

ಈ ಲೆಕ್ಕವನ್ನು ಚಳಿಗಾಲದ ಅರಮನೆಗೆ ಅನ್ವಯಿಸಿದರೆ ಏನಾಗುತ್ತದೆ ನೋಡಿ. 1917ರ ಅಕ್ಟೋಬರ್ ಕ್ರಾಂತಿಯಲ್ಲಿ ಪೆಟ್ರೋಗ್ರಾಡಿನ ಈ ಅರಮನೆ ಲೆನಿನ್‌ನ ಬೋಲ್ಶೆವಿಕ್ ಪಕ್ಷದವರ ಕೈಗೆ ಬಂದದ್ದು ನಡುರಾತ್ರಿ ಕಳೆದ ಮೇಲೆ, ಸುಮಾರು ಎರಡು ಗಂಟೆಗೆ. ಬೀದಿದೀಪದ ಬೆಳಕಿನಲ್ಲಿ ಆ ಪ್ಲೇಟಿಗೆ ಹಲವು ಸೆಕೆಂಡುಗಳೇ ಬೇಕು. ಓಡುವ ಸೈನಿಕ ಚಿತ್ರದಲ್ಲಿ ಮೂಡುವುದೇ ಇಲ್ಲ. ಹಾಗಾದರೆ ಅರಮನೆಯತ್ತ ಜನ ನುಗ್ಗುವ, ಎಷ್ಟೋ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಆ ಫೋಟೋ? ಅದು 1920ರಲ್ಲಿ, ಕ್ರಾಂತಿಯ ಮೂರನೇ ವಾರ್ಷಿಕೋತ್ಸವಕ್ಕೆಂದು ನಿಕೊಲಾಯ್ ಎವ್ರೆಯ್ನೊವ್ ಅದೇ ಚೌಕದಲ್ಲಿ ಕಟ್ಟಿದ ಬೃಹತ್ ರಂಗಪ್ರಯೋಗದ ಸಂದರ್ಭದ್ದು. ಚೌಕದ ನಡುವಿದ್ದ ನಿರ್ದೇಶಕರ ಅಟ್ಟಣೆಯನ್ನು ಅಳಿಸಿ, ಚಿತ್ರಕ್ಕೆ 1917 ಎಂಬ ಅಡಿಬರಹ ಅಂಟಿಸಲಾಯಿತು. ಫೋಟೋ ಸುಳ್ಳಲ್ಲ, ಅಡಿಬರಹ ಸುಳ್ಳು. ಪತ್ರಾಗಾರಗಳಲ್ಲಿ ಹೆಚ್ಚಾಗಿ ಕಾಡುವುದು ಈ ಬಗೆಯ ಸುಳ್ಳೇ.

ಅಳಿಸುವುದೆಂದರೆ ಏನು ಮಾಡುತ್ತಿದ್ದರು? ನೆಗೆಟಿವಿನ ಮೇಲೆ ಮೂರು ಕೆಲಸ ಸಾಧ್ಯ. ಚೂಪಾದ ಚಾಕುವಿನಿಂದ ಲೇಪ ಕೆರೆದರೆ ಆ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಪೆನ್ಸಿಲ್ ಎಳೆದರೆ ತಿಳಿಯಾಗುತ್ತದೆ. ಬೆಳಕು ಹಾಯದ ಕೆಂಪು ಬಣ್ಣ ಬಳಿದರೆ ಪೂರಾ ಬಿಳಿ. ಫೋಟೋ ಕಾಗದಕ್ಕೂ ಕೆಂಪು ಬೆಳಕು ಲೆಕ್ಕಕ್ಕಿಲ್ಲವಲ್ಲ. ಬಿಳಿ ಆಕಾಶದ ಎದುರು ನಿಂತವನನ್ನು ಹೀಗೆ ಸುಲಭವಾಗಿ ಮಾಯ ಮಾಡಬಹುದು. ಬೆನ್ನ ಹಿಂದೆ ಮೆಟ್ಟಿಲು, ಹಲಗೆ, ಜನ ಇದ್ದರೆ ಈ ವಿದ್ಯೆ ಸಾಲದು. ಆಗ ಪ್ರಿಂಟಿನ ಮೇಲೆ ಕತ್ತರಿಸಿ ಅಂಟಿಸಿ, ಏರ್‌ಬ್ರಷ್‌ನಿಂದ ಬಣ್ಣ ಸಿಂಪಡಿಸಿ, ಹಿನ್ನೆಲೆಯನ್ನು ಕೈಯಲ್ಲೇ ಚಿತ್ರಿಸಿ, ಅದನ್ನು ಮತ್ತೆ ಫೋಟೋ ತೆಗೆದು ನಕಲು ನೆಗೆಟಿವ್ ಮಾಡಬೇಕು.

1920ರ ಮೇ 5ರಂದು ಮಾಸ್ಕೋದ ಸ್ವೆರ್ದ್ಲೊವ್ ಚೌಕದಲ್ಲಿ ಪೋಲಿಷ್ ರಣರಂಗಕ್ಕೆ ಹೊರಟ ಸೈನಿಕರನ್ನು ಉದ್ದೇಶಿಸಿ ಲೆನಿನ್ ಮಾತಾಡುವ, ಗ್ರಿಗೊರಿ ಗೋಲ್ಡ್‌ಷ್ಟೈನ್ ತೆಗೆದ ಚಿತ್ರಕ್ಕೆ ಆದದ್ದು ಇದೇ. ಮರದ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ, ಮುಂದೆ ಸ್ಟಾಲಿನ್‌ನ ಕೆಂಗಣ್ಣಿಗೆ ಗುರಿಯಾದ ನಾಯಕರು ಟ್ರಾಟ್‌ಸ್ಕಿ, ಕಾಮೆನೆವ್ ನಿಂತಿದ್ದರು. ಮುಂದಿನ ಮುದ್ರಣಗಳಲ್ಲಿ ಮೆಟ್ಟಿಲು ಮಾತ್ರ ಉಳಿಯಿತು. ಇಂಥ ನಕಲನ್ನು ಪತ್ತೆ ಹಚ್ಚುವ ಬಗೆ ಹೀಗೆ: ತಿದ್ದದ ಭಾಗದಲ್ಲಿ ಮೂಲ ಪ್ಲೇಟಿನ ಬೆಳ್ಳಿಕಣಗಳ ತರಿಯೂ ನಕಲು ಪ್ಲೇಟಿನ ತರಿಯೂ ಒಂದರ ಮೇಲೊಂದು ಇರುತ್ತವೆ. ಬಣ್ಣ ಬಳಿದ ಜಾಗದಲ್ಲಿ ನಕಲು ಪ್ಲೇಟಿನದು ಮಾತ್ರ, ಹಾಗಾಗಿ ಅಲ್ಲಿ ಅನುಮಾನ ಬರುವಷ್ಟು ನುಣುಪು. ನೆರಳು ಬಿದ್ದ ದಿಕ್ಕು ಅಕ್ಕಪಕ್ಕಕ್ಕೆ ಹೊಂದುವುದಿಲ್ಲ. ಮೂಲ ಪ್ರಿಂಟೇ ಕೈಯಲ್ಲಿದ್ದರೆ ದೀಪವನ್ನು ಪಕ್ಕದಿಂದ, 10-15 ಡಿಗ್ರಿ ಕೋನದಲ್ಲಿ ಹಿಡಿಯಿರಿ. ಅಂಟಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ, ಬಣ್ಣದ ಹೊಳಪು ಕಾಗದದ ಹೊಳಪಿಗೆ ಹೊಂದದೆ ಬಿಟ್ಟುಕೊಡುತ್ತದೆ. ಇದೆಲ್ಲಕ್ಕಿಂತ ಬಲವಾದ ಸಾಕ್ಷಿ, ತಿದ್ದುವ ಮುನ್ನ ಬೇರೆ ದೇಶಕ್ಕೆ ಹೋಗಿದ್ದ ಹಳೆಯ ಪ್ರಿಂಟ್ ಅಥವಾ ಪತ್ರಿಕೆ.

ತಾರೀಖಿನ ವಿಷಯದಲ್ಲಿ ಮೊದಲು ಕೇಳಬೇಕಾದ್ದು, ಇದು ಯಾವ ಪಂಚಾಂಗದ್ದು ಎಂದು. ರಷ್ಯ ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಈಗಿನ ಗ್ರೆಗೋರಿಯನ್‌ಗೆ ಬಂದಾಗ 1918ರ ಜನವರಿ 31ರ ಮರುದಿನವೇ ಫೆಬ್ರವರಿ 14. ಅದಕ್ಕೂ ಹಿಂದಿನ, ಇಪ್ಪತ್ತನೇ ಶತಮಾನದ ಪ್ಲೇಟಿನ ಅಂಚಿನಲ್ಲಿ ಗೀಚಿದ ತಾರೀಖಿಗೆ 13 ದಿನ ಕೂಡಿಸಬೇಕು. ಬುಲ್ಲಾನ ಜುಲೈ 4 ಹೊಸ ಲೆಕ್ಕದಲ್ಲಿ ಜುಲೈ 17. ಆಮೇಲೆ ಹಿನ್ನೆಲೆ. ಮಾಸ್ಕೋದ ಕೆಂಪು ಚೌಕ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಲೆನಿನ್ ಸಮಾಧಿಯೇ ಕಾಣದಿದ್ದರೆ 1924ಕ್ಕೆ ಹಿಂದಿನದು, ಮರದ ಸಮಾಧಿಯಿದ್ದರೆ 1924ರ ಅನಂತರದ್ದು, ಗ್ರಾನೈಟ್‌ನದು ಪೂರ್ಣವಾದದ್ದು 1930ರಲ್ಲಿ. ಮಿನಿನ್-ಪೊಝಾರ್ಸ್‌ಕಿ ಪ್ರತಿಮೆ ಚೌಕದ ನಡುವೆಯೇ ಇದ್ದರೆ 1931ಕ್ಕೆ ಮುಂಚೆ. ಕ್ರೆಮ್ಲಿನ್ ಗೋಪುರಗಳ ತುದಿಯಲ್ಲಿ ಎರಡು ತಲೆಯ ಹದ್ದು ಇನ್ನೂ ಕೂತಿದ್ದರೆ 1935ಕ್ಕೆ ಮುಂಚೆ. ಕ್ರಾಂತಿಯಾಗಿ ಅಷ್ಟು ವರ್ಷ ಜಾರನ ಹದ್ದು ಅಲ್ಲೇ ಇತ್ತು ಎಂಬುದು ಹಲವರಿಗೆ ಗೊತ್ತಿಲ್ಲ. ಬ್ಯಾನರಿನ ಕಾಗುಣಿತವೂ ಸಹಾಯಕ್ಕೆ ಬರುತ್ತದೆ: 1918ರ ಸುಧಾರಣೆ ಪದಾಂತ್ಯದ ‘ಕಠಿಣ ಚಿಹ್ನೆ’ಯನ್ನು (ъ ಎಂಬ, ಉಚ್ಚಾರವಿಲ್ಲದ ರಷ್ಯನ್ ಅಕ್ಷರವನ್ನು) ಕೈಬಿಟ್ಟಿತು. ಆದರೆ ಹಳೆಯ ಬ್ಯಾನರನ್ನು ಯಾರೂ ಎಸೆಯಲಿಲ್ಲ, ಹಳೆಯ ರೂಢಿಯ ಕೈಬರಹವೂ ಒಂದೇ ದಿನಕ್ಕೆ ಬದಲಾಗಲಿಲ್ಲ.

ಇದೆಲ್ಲ ಸಾಧ್ಯವಾಗಬೇಕಾದರೆ ಪ್ಲೇಟ್ ಉಳಿದಿರಬೇಕು. ಬುಲ್ಲಾ 1935ರಲ್ಲಿ ತಮ್ಮ ಕುಟುಂಬದ 1 ಲಕ್ಷ 30 ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸರಕಾರಿ ಪತ್ರಾಗಾರಕ್ಕೆ ಒಪ್ಪಿಸಿದರು. 1938ರಲ್ಲಿ ಅವರನ್ನೇ ಬಂಧಿಸಿ ಗುಂಡಿಟ್ಟು ಕೊಲ್ಲಲಾಯಿತು, ಪ್ಲೇಟುಗಳು ಉಳಿದವು. 13×18 ಸೆಂಟಿಮೀಟರ್, ಒಂದೂವರೆ ಮಿಲಿಮೀಟರ್ ದಪ್ಪದ ಒಂದು ಪ್ಲೇಟ್ ಸುಮಾರು 88 ಗ್ರಾಂ ತೂಗುತ್ತದೆ. ನೂರನ್ನು ಒಂದರ ಮೇಲೊಂದು ಮಲಗಿಸಿ ಪೇರಿಸಿದರೆ ಅಡಿಯಲ್ಲಿರುವುದರ ಮೇಲೆ ಎಂಟೂವರೆ ಕಿಲೋಗೂ ಹೆಚ್ಚು ಭಾರ. ಅದಕ್ಕೇ ಉದ್ದನೆಯ ಅಂಚಿನ ಮೇಲೆ ಸೆಟೆದು ನಿಲ್ಲಿಸುತ್ತಾರೆ. ಒಡೆದದ್ದನ್ನು ಮಾತ್ರ ಮಲಗಿಸಿ, ಚೂರು ಚೂರಿಗೆ ತಡೆ ಇಟ್ಟು, ಅಂಟುಪಟ್ಟಿ ಹಚ್ಚದೆ ಇಡಬೇಕು. ಪ್ರತಿ ಪ್ಲೇಟಿಗೂ ಆಮ್ಲರಹಿತ ಕಾಗದದ, ನಾಲ್ಕು ಮಡಿಕೆಯ ಲಕೋಟೆ. ಜಾರುವ ಹತ್ತಿಯ ಕೈಗವಸಿಗಿಂತ ನೈಟ್ರೈಲ್ ರಬ್ಬರಿನದು ವಾಸಿ. ಕೋಣೆಯ ಉಷ್ಣತೆ 18 ಡಿಗ್ರಿ, ಸಾಪೇಕ್ಷ ಆರ್ದ್ರತೆ 30ರಿಂದ 40 ಶೇಕಡಾ. ಅದಕ್ಕಿಂತ ಒಣಗಿದರೆ ಜೆಲಟಿನ್ ಕುಗ್ಗಿ ಅಂಚಿನಿಂದ ಏಳುತ್ತದೆ, 60 ದಾಟಿದರೆ ಬೂಷ್ಟು. ಅಂಚಿನಲ್ಲಿ ನೀಲಿಗಟ್ಟಿದ ಲೋಹದ ಹೊಳಪು ಕಂಡರೆ ಅದು ಕೊಳೆಯಲ್ಲ, ಮೇಲಕ್ಕೆ ಸರಿದು ಬಂದ ಬೆಳ್ಳಿ. ಒರೆಸಿದರೆ ಚಿತ್ರವೇ ಒರೆಸಿಹೋಗುತ್ತದೆ.

ಸ್ಕ್ಯಾನ್ ಮಾಡುವಾಗ ಬೆಳಕು ಪ್ಲೇಟಿನ ಮೂಲಕ ಹಾಯಬೇಕು. ಗಾಜು ಸ್ಕ್ಯಾನರಿನ ಗಾಜಿಗೆ ತಾಗಿದರೆ ಬಣ್ಣದ ಉಂಗುರಗಳು ಮೂಡುತ್ತವೆ. ಇಂಚಿಗೆ 1200 ಬಿಂದು, 16 ಬಿಟ್ ಬೂದುಛಾಯೆ ಎಂದರೆ ಒಂದು ಪ್ಲೇಟಿಗೆ ಸುಮಾರು 104 ಎಂಬಿ ಟಿಫ್ ಕಡತ. ಅಂಚು ಕತ್ತರಿಸಬೇಡಿ, ಗೀಚಿದ ಸಂಖ್ಯೆ ಇರುವುದೇ ಅಲ್ಲಿ. ಎಡಬಲ ಅದಲುಬದಲಾಗಿದೆಯೇ ಎಂಬ ಅನುಮಾನಕ್ಕೆ ಬ್ಯಾನರಿನ ಅಕ್ಷರ ಉತ್ತರ. ಅಕ್ಷರವಿಲ್ಲದಿದ್ದರೆ ಸೈನಿಕನ ಮೋಸಿನ್ ಬಂದೂಕು ನೋಡಿ, ಅದರ ಬೋಲ್ಟ್ ಹಿಡಿ ಬಲಬದಿಗಿರಬೇಕು. ಪ್ಲೇಟಿನಲ್ಲಿ ಹೊಳಪಿಲ್ಲದ ಮಗ್ಗುಲು ಲೇಪದ್ದು.

ಈಚೆಗೆ ಈ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಉಮೇದು ಜೋರಾಗಿದೆ. ಪ್ಲೇಟಿನಲ್ಲಿ ಕೆಂಪಿನ ಮಾಹಿತಿಯೇ ದಾಖಲಾಗಿಲ್ಲವಾದ್ದರಿಂದ ತಂತ್ರಾಂಶ ತೋರಿಸುವ ಕೆಂಪು ಬರೀ ಊಹೆ. ಕ್ರೊಪೊಟ್ಕಿನ್‌ನ ಅಂತ್ಯಯಾತ್ರೆಯ ಬಾವುಟಗಳಿಗೂ ಅದು ಯಾವ ಅಳುಕೂ ಇಲ್ಲದೆ ಕೆಂಪು ಬಳಿಯಬಲ್ಲದು. ಅಂಥ ಪ್ರತಿಗೆ ಬೇರೆ ಕಡತಸಂಖ್ಯೆ ಕೊಟ್ಟು, ‘ಬಣ್ಣ ಊಹಿಸಿದ್ದು’ ಎಂದು ಬರೆದು, ಮೂಲ ಸ್ಕ್ಯಾನಿನಿಂದ ಬೇರೆಯಾಗಿಯೇ ಇಡಬೇಕು.