ಸೆರಾಮಿಕ್ ಕೋಟಿಂಗ್ ಚೆಕ್ ಮಾಡೋದು: ಹನಿ ನೋಡಿದ ತಕ್ಷಣ ಪಾಸ್ ಮಾಡ್ಬೇಡಿ

ಕಾರ್ ಡೀಟೇಲಿಂಗ್ (ಕಾರನ್ನ ಪೂರ್ತಿ ಕ್ಲೀನ್ ಮಾಡಿ ಪಾಲಿಶ್, ಕೋಟಿಂಗ್ ಮಾಡೋ ಕೆಲಸ) ಕಲೀತಿರೋರಿಗೆ ಅಂತ ಬರೀತಿದೀನಿ, ನನಗೂ ತಲೇಲಿ ಕೂರ್ಲಿ ಅಂತ.

ನಿನ್ನೆ ಒಂದು ಕಪ್ಪು ಕಾರು ಬಂದಿತ್ತು, ಬೇರೆ ಕಡೆ ಸೆರಾಮಿಕ್ ಕೋಟಿಂಗ್, ಅಂದ್ರೆ ಪೇಂಟ್ ಕಾಪಾಡೋಕೆ ಹಚ್ಚೋ ತೆಳು ಗಟ್ಟಿ ಪದರ, ಮಾಡಿಸಿದ್ದು. ಬಾನೆಟ್ ಮೇಲೆ ನೀರು ಹಾಕಿದ್ರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡು ಗುಂಡು ಹನಿ. ಕೋಟಿಂಗ್ ಚೆನ್ನಾಗಿದೆ ಸರ್ ಅಂದೆ. ಸೀನಿಯರ್ ಏನೂ ಹೇಳ್ಲಿಲ್ಲ, ಅಂಗೈ ಅಗಲದ ಜಾಗಕ್ಕೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಐಪಿಎಗೆ (ಐಸೊಪ್ರೊಪೈಲ್ ಆಲ್ಕೋಹಾಲ್, ಮೇಲಿನ ವ್ಯಾಕ್ಸ್, ಜಿಡ್ಡು ತೆಗೆಯೋ ದ್ರವ) ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ಮೈಕ್ರೋಫೈಬರ್ ಬಟ್ಟೇಲಿ ಎರಡು ಸಲ ಒರೆಸಿ, ಟೇಪ್ ಕಿತ್ತು ಮತ್ತೆ ನೀರು ಹಾಕಿದ್ರು. ಚೌಕದ ಒಳಗೆ ನೀರು ಹರಡ್ಕೊಂಡು ಚಪ್ಪಟೆಯಾಗಿ ನಿಂತಿತ್ತು, ಹೊರಗೆ ಮಾತ್ರ ಹನಿ. ಅಂದ್ರೆ ಅಲ್ಲಿ ಹನಿ ನಿಲ್ಲಿಸ್ತಿದ್ದಿದ್ದು ಬರೀ ವ್ಯಾಕ್ಸ್, ಕೋಟಿಂಗ್ ಅಲ್ಲ.

ಇದೇ ನನಗೆ ಅರ್ಥ ಆಗೋಕೆ ಟೈಮ್ ತಗೊಂಡಿದ್ದು. ಹನಿ ಗುಂಡಗೆ ನಿಲ್ಲುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಎಲ್ಲಕ್ಕಿಂತ ಮೇಲಿರೋ ಪದರ, ಅದು ವ್ಯಾಕ್ಸ್ ಆಗಿರ್ಬೋದು, ಸ್ಪ್ರೇ ಸೀಲಂಟ್ (ವ್ಯಾಕ್ಸ್ ಥರಾನೇ ಮೇಲೆ ಹೊಡೆಯೋ ರಕ್ಷಣೆ ಪದರ) ಆಗಿರ್ಬೋದು, ಧೂಳೂ ಆಗಿರ್ಬೋದು, ಕೆಳಗೆ ಏನಿದೆ ಅಂತ ನೀರಿಗೆ ಗೊತ್ತಾಗಲ್ಲ. ಅಂದ್ರೆ ಉಲ್ಟಾನೂ ನಿಜ. ಹನಿ ನಿಲ್ತಿಲ್ಲ ಅಂದ ತಕ್ಷಣ ಕೋಟಿಂಗ್ ಹೋಯ್ತು ಅನ್ನೋ ಹಾಗಿಲ್ಲ, ಬೋರ್‌ವೆಲ್ ನೀರಲ್ಲಿ ತೊಳೆದೂ ತೊಳೆದೂ ಕ್ಯಾಲ್ಸಿಯಂ ಕಟ್ಕೊಂಡು, ರೋಡಿನ ಜಿಡ್ಡು ಕೂತು ಮುಚ್ಚಿಹೋಗಿರುತ್ತೆ. ಡೀಕಂಟಾಮಿನೇಷನ್ ವಾಶ್ (ಹೀಗೆ ಕೂತ ಕೊಳೆ ಬಿಡಿಸೋ ವಾಶ್) ಮಾಡಿದ್ರೆ ಎಷ್ಟೋ ಸಲ ಹನಿ ವಾಪಸ್ ಬರುತ್ತೆ. ಹಾಗಾಗಿ ಮೊದ್ಲು ತೊಳಿ, ಆಮೇಲೆ ಒರೆಸು, ಆಮೇಲೆ ನೀರು ಹಾಕು, ಈ ಕ್ರಮ ತಪ್ಪಬಾರ್ದು. ಒರೆಸಿದ ಮೇಲೂ ಹನಿ ನಿಂತ್ರೆ ಒಳ್ಳೇ ಸೂಚನೆ, ಆದ್ರೆ ಗಟ್ಟಿ ಸೀಲಂಟ್ ಒಂದೆರಡು ಒರೆಸಿಗೆ ಹೋಗಲ್ಲ, ಅದಕ್ಕೆ ಕೆಲವು ವಾಶ್ ಆದ್ಮೇಲೆ ಇನ್ನೊಂದ್ಸಲ ನೋಡೋದು ಸೇಫ್. ಕೋಟಿಂಗ್ ಹಾಕಿ ವಾರ ಆಗಿಲ್ಲ ಅಂದ್ರೆ, ಇಲ್ಲಾ ಪೇಂಟ್ ಹೊಸದಾಗಿ ಹೊಡೆಸಿದ್ರೆ ಈ ಟೆಸ್ಟ್ ಬೇಡ. ಬಿಸಿಲಲ್ಲಿ ಕಾದ ಬಾನೆಟ್ ಮೇಲೂ ಬೇಡ.

ಪೇಂಟ್ ದಪ್ಪ ಅಳೆಯೋ ಮೀಟರ್ ಇಟ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ನೋಡಿದ್ರೆ ಆಯ್ತಲ್ಲ ಅಂತ ನಾನೂ ಕೇಳಿದೆ. ಕಂಪನಿ ಪೇಂಟ್ ಪೂರ್ತಿ ಸೇರಿ ಸುಮಾರು 100ರಿಂದ 150 ಮೈಕ್ರಾನ್, ಕೋಟಿಂಗ್ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್, ಮೀಟರ್‌ದೇ ಅಷ್ಟು ಹೆಚ್ಚುಕಮ್ಮಿ ಇರುತ್ತೆ. ಒಂದೇ ಡೋರಿನ ಎರಡು ಕಡೆ ಇಟ್ರೂ ಬೇರೆ ಬೇರೆ ನಂಬರ್ ಬರುತ್ತೆ. ರೀಪೇಂಟ್ ಹಿಡಿಯೋಕೆ ಮೀಟರ್ ಸರಿ, ಇದಕ್ಕಲ್ಲ.

ಕೋಟಿಂಗ್ ಬಗ್ಗೆ ಹೇಳೋವಾಗ ಬರೋ 9ಎಚ್ ಅನ್ನೋದು ಪೆನ್ಸಿಲ್ ಗಡಸುತನದ ಅಳತೆ, ಅಂದ್ರೆ ಎಷ್ಟು ಗಟ್ಟಿ ಪೆನ್ಸಿಲ್ಲಿಗೆ ಗೀರು ಬೀಳಲ್ಲ ಅನ್ನೋದು. ಅದನ್ನ ನೋಡಿ ಕಲ್ಲು ಬಿದ್ರೂ ಏನೂ ಆಗಲ್ಲ ಅಂತ ಕಸ್ಟಮರ್‌ಗೆ ಹೇಳ್ಬೇಡಿ.

ಇನ್ನು ಕಣ್ಣಲ್ಲಿ ನೋಡೋದು. ಟಾರ್ಚ್‌ನ ನೇರ ಹಿಡೀಬೇಡಿ, ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸಿ. ಎಣ್ಣೆ ಬಟ್ಟೇಲಿ ಒರೆಸಿದ ಥರ ಕಪ್ಪಗಿನ ಪಟ್ಟೆ ಕಂಡ್ರೆ ಹೈ ಸ್ಪಾಟ್, ಹೆಚ್ಚಾದ ಕೋಟಿಂಗನ್ನ ಟೈಮಿಗೆ ಒರೆಸದೆ ಬಿಟ್ಟಿದ್ದು. ಗಟ್ಟಿಯಾದ್ಮೇಲೆ ಬಟ್ಟೆಗೆ ಬರಲ್ಲ, ಪಾಲಿಶ್ ಮಾಡಿ ಆ ಜಾಗಕ್ಕೆ ಮತ್ತೆ ಹಾಕ್ಬೇಕು. ನಾನು ನೋಡಿದ್ರಲ್ಲಿ ಹೆಚ್ಚು ತಪ್ಪಿಹೋಗೋ ಜಾಗ ಡೋರ್ ಹ್ಯಾಂಡಲ್ ಹಿಂದಿನ ತಗ್ಗು, ಮಿರರ್ ಬುಡ, ನಂಬರ್ ಪ್ಲೇಟ್ ಸುತ್ತ, ರೂಫ್ ಮಧ್ಯ. ರೂಫ್‌ಗೆ ಸ್ಟೂಲ್ ಹತ್ತಿಯೇ ನೋಡಿ, ಕೆಳಗಿಂದ ಏನೂ ಕಾಣಲ್ಲ.