ಕಪ್ಪು ಸಮುದ್ರದ ಹಡಗು, ವಿಜಯನಗರದ ಬಾಣಲೆ

2022ರ ಮಾರ್ಚ್ ಮೊದಲ ವಾರ. ವಿಜಯನಗರದಲ್ಲಿ ಮೆಸ್ ನಡೆಸುವ ಒಬ್ಬರು ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು. "ಸಾರ್, ಯುದ್ಧ ಆಗ್ತಿರೋದು ಉಕ್ರೇನಲ್ಲಿ. ಇನ್ನೂ ಹದಿನೈದು ದಿನ ಆಗಿಲ್ಲ. ನನ್ನ ಎಣ್ಣೆ ಟಿನ್ನಿಗೆ ಆಗ್ಲೇ ನೂರಾರು ರೂಪಾಯಿ ಜಾಸ್ತಿ ಕೇಳ್ತಿದಾರೆ. ಇದು ಅಂಗಡಿಯವರ ಆಟ ಅಲ್ವಾ?"

ಬೆಂಗಳೂರಿನ ಹೋಟೆಲು, ಹಾಸ್ಟೆಲು, ಕ್ಯಾಂಟೀನುಗಳಿಗೆ ದಿನಸಿ ಖರೀದಿಯ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ದಾಟಿತು. ಈ ಪ್ರಶ್ನೆಯನ್ನು ನೂರು ಜನ ಕೇಳಿದ್ದಾರೆ. ಅಂಗಡಿಯವರು ಸ್ವಲ್ಪ ಆಟ ಆಡುವುದುಂಟು. ಆದರೆ ಅವತ್ತಿನ ರೇಟು ಅವರ ಕೈಯಲ್ಲಿ ಇರಲಿಲ್ಲ. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ಸೂರ್ಯಕಾಂತಿ ಎಣ್ಣೆಯಂತೂ ಹೆಚ್ಚಾಗಿ ಉಕ್ರೇನ್ ಮತ್ತು ರಷ್ಯಾದಿಂದ ಬರುತ್ತಿತ್ತು. ಅದನ್ನು ಜಾಸ್ತಿ ಬಳಸುವವರು ದಕ್ಷಿಣದ ನಾವೇ. ಕಪ್ಪು ಸಮುದ್ರದ ಬಂದರುಗಳಲ್ಲಿ ಹಡಗು ನಿಂತ ದಿನವೇ ನಮ್ಮ ಬಾಣಲೆಗೆ ಬಿಸಿ ತಟ್ಟಿತು. ಆ ತಿಂಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಹಾಕುವ ಆಹಾರ ಬೆಲೆ ಸೂಚ್ಯಂಕ ಅಲ್ಲಿಯವರೆಗಿನ ದಾಖಲೆ ಮುರಿಯಿತು.

ಜಗತ್ತಿನಲ್ಲಿ ಅಷ್ಟೊಂದು ಕೊರತೆ ಬಂದಿತ್ತಾ? ಇಲ್ಲ. ಇಲ್ಲೇ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಟ್ಯಾಂಕರ್ ರೇಟು ನೆನಪಿದೆಯಾ? ಕಾವೇರಿ ನೀರು ನಲ್ಲಿಯಲ್ಲಿ ಬರುತ್ತಲೇ ಇತ್ತು. ಬೋರ್‌ವೆಲ್ ಬತ್ತಿದ ಬಡಾವಣೆಗಳೆಲ್ಲ ಒಟ್ಟಿಗೇ ಟ್ಯಾಂಕರಿಗೆ ಮುಗಿಬಿದ್ದವು. ಟ್ಯಾಂಕರುಗಳು ಇದ್ದದ್ದೇ ಕೆಲವು. ರೇಟು ಎಲ್ಲಿಗೋ ಹೋಯಿತು. ಕೊನೆಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು.

ಜಗತ್ತಿನ ಅಕ್ಕಿ ಮಾರುಕಟ್ಟೆಯೂ ಹೀಗೇ. ಬೆಳೆದ ಅಕ್ಕಿಯಲ್ಲಿ ಹೆಚ್ಚುಪಾಲನ್ನು ಬೆಳೆದ ದೇಶವೇ ತಿನ್ನುತ್ತದೆ. ದೇಶ ದಾಟಿ ಮಾರಾಟವಾಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಆ ಸಣ್ಣ ಪಾಲಿನಲ್ಲಿ ಒಬ್ಬ ದೊಡ್ಡ ಮಾರಾಟಗಾರ ಬಾಗಿಲು ಹಾಕಿದರೆ ಉಳಿದವರೆಲ್ಲ ಹೆದರುತ್ತಾರೆ. ಕೊಳ್ಳುವವರು ಬೇಕಿದ್ದಕ್ಕಿಂತ ಜಾಸ್ತಿ ಕೊಳ್ಳುತ್ತಾರೆ. ಮಾರುವವರು ಇನ್ನಷ್ಟು ಬಾಗಿಲು ಹಾಕುತ್ತಾರೆ. 2008ರಲ್ಲಿ ಆದದ್ದು ಇದೇ. ಆ ವರ್ಷ ಅಕ್ಕಿ ಬೆಳೆ ಚೆನ್ನಾಗಿಯೇ ಇತ್ತು. ಭಾರತ, ವಿಯೆಟ್ನಾಂ ರಫ್ತು ತಡೆದವು. ಫಿಲಿಪ್ಪೀನ್ಸ್ ಗಾಬರಿಯಾಗಿ ಸಿಕ್ಕ ಬೆಲೆಗೆ ಕೊಂಡಿತು. ಥಾಯ್ಲೆಂಡಿನ ಅಕ್ಕಿ ಟನ್ನಿಗೆ 1,000 ಡಾಲರ್ ಆಸುಪಾಸಿಗೆ ಏರಿತು.

2022ರಲ್ಲಿ ಅದೇ ಮತ್ತೆ ನಡೆಯಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು, ಮೇ 23ಕ್ಕೆ ಮತ್ತೆ ಬಿಟ್ಟಿತು. ಮೇ 13ರಂದು ನಾವು ಗೋಧಿ ನಿಲ್ಲಿಸಿದೆವು. ಮರುವರ್ಷ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯನ್ನೂ ನಿಲ್ಲಿಸಿದೆವು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ನೂರಕ್ಕೆ 40 ಭಾರತದ್ದು. ನಮ್ಮ ಮನೆ ಕಾಯ್ದುಕೊಳ್ಳುವುದು ತಪ್ಪು ಎಂದು ನಾನು ಹೇಳಲಾರೆ. ಆದರೆ ನಮ್ಮ ಅಕ್ಕಿಯನ್ನೇ ನಂಬಿದ್ದ ನೇಪಾಳದವರಿಗೆ, ಪಶ್ಚಿಮ ಆಫ್ರಿಕಾದವರಿಗೆ ಅದು ಇಂಡೋನೇಷ್ಯಾ ನಮಗೆ ಮಾಡಿದ ಹಾಗೇ ಆಯಿತು. ಅದು ನನ್ನನ್ನು ಕಾಡುತ್ತದೆ.

ಬರ, ಬಿಸಿಲು, ಹಿಮ ಇವೆಲ್ಲ ಗೊತ್ತಿದ್ದದ್ದೇ. ಫಿಲ್ಟರ್ ಕಾಫಿ ನೋಡಿ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಆದರೂ ಬ್ರೆಜಿಲ್, ವಿಯೆಟ್ನಾಂ ತೋಟಗಳು ಒಣಗಿದಾಗ ಗಾಂಧಿ ಬಜಾರಿನ ಲೋಟದ ಬೆಲೆಯೂ ಏರಿತು. ರೇಟು ಹುಟ್ಟುವುದು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಗಳಲ್ಲಿ.

ಕಣ್ಣಿಗೆ ಕಾಣದ ಕಾರಣ ಗೊಬ್ಬರ. ಯೂರಿಯಾ ಆಗುವುದು ನೈಸರ್ಗಿಕ ಅನಿಲದಿಂದ. ಗ್ಯಾಸ್ ದುಬಾರಿಯಾದರೆ ಗೊಬ್ಬರ ದುಬಾರಿ. ಪೊಟ್ಯಾಷ್ ಪೂರ್ತಿ ನಮಗೆ ಹೊರಗಿನದೇ. 2022-23ರಲ್ಲಿ ಕೇಂದ್ರ ಸರ್ಕಾರ ಗೊಬ್ಬರದ ಸಬ್ಸಿಡಿಗೇ ಎರಡೂವರೆ ಲಕ್ಷ ಕೋಟಿ ರೂಪಾಯಿ ಕೊಟ್ಟಿತು. ಡಿಎಪಿ ಚೀಲ ರೈತರಿಗೆ 1,350 ರೂಪಾಯಿಗೇ ಸಿಕ್ಕಿದ್ದು ಅದರಿಂದ. ಅಷ್ಟು ದುಡ್ಡು ಕೊಡಲಾಗದ ಬಡ ದೇಶಗಳ ರೈತರು ಗೊಬ್ಬರವನ್ನೇ ಕಡಿಮೆ ಹಾಕಿದರು.

ಇದರ ಮೇಲೆ ಆಹಾರ ಇಂಧನವಾಗುತ್ತಿದೆ. ಅಮೆರಿಕದ ಮೆಕ್ಕೆಜೋಳದ ದೊಡ್ಡ ಪಾಲು ಎಥನಾಲ್ ಆಗಿ ಕಾರಿನ ಟ್ಯಾಂಕಿಗೆ ಹೋಗುತ್ತದೆ. ಇಂಡೋನೇಷ್ಯಾ ತಾಳೆ ಎಣ್ಣೆಯನ್ನು ಡೀಸೆಲಿಗೆ ಬೆರೆಸುತ್ತದೆ. ಈಗ ನಮ್ಮಲ್ಲೂ ಮೆಕ್ಕೆಜೋಳಕ್ಕೆ ಎಥನಾಲ್ ಕಾರ್ಖಾನೆಯೂ ಗಿರಾಕಿ, ಕೋಳಿ ಸಾಕುವವರೂ ಗಿರಾಕಿ.

ಹಾಗಾದರೆ ಏನು ಮಾಡಬೇಕು? ಮೊದಲಿಗೆ ಎಣ್ಣೆ ವಿಷಯ, ಯಾಕೆಂದರೆ ಅದರಲ್ಲಿ ನಾವು ಒಮ್ಮೆ ಗೆದ್ದಿದ್ದೆವು. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಯಿತು. ಒಳ್ಳೆಯ ಬೀಜ, ಬೆಂಬಲ ಬೆಲೆ, ಆಮದಿಗೆ ತಡೆ. 1990ರ ದಶಕದ ಆರಂಭಕ್ಕೆ ನಮಗೆ ಬೇಕಾದ ಎಣ್ಣೆಯನ್ನು ಹೆಚ್ಚುಕಡಿಮೆ ನಾವೇ ಬೆಳೆದುಕೊಳ್ಳುತ್ತಿದ್ದೆವು. ಚಳ್ಳಕೆರೆಗೆ ಎಣ್ಣೆ ನಗರ ಎಂದೇ ಹೆಸರಿತ್ತು. 1994ರಲ್ಲಿ ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಆಮೇಲೆ ಸುಂಕ ಇಳಿಯುತ್ತಾ ಹೋಯಿತು. ಮಳೆಯೂ ಕೈಕೊಟ್ಟಿತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು.

ನನಗೆ ಸಿಟ್ಟು ಬರುವುದು ಸುಂಕದ ಏರಿಳಿತ ನೋಡಿ. 2008ರಲ್ಲಿ ಕಚ್ಚಾ ಅಡುಗೆ ಎಣ್ಣೆಯ ಆಮದು ಸುಂಕ ಸೊನ್ನೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಸೆಸ್ ಎಲ್ಲ ಸೇರಿ ಒಮ್ಮೆಗೇ ಶೇ 5.5ರಿಂದ 27.5ಕ್ಕೆ ಏರಿತು. ಒಂಬತ್ತು ತಿಂಗಳು ತುಂಬುವ ಮೊದಲೇ, 2025ರ ಮೇ ಕೊನೆಗೆ, ಮತ್ತೆ ಇಳಿಯಿತು. ಬಸವನಗುಡಿ ಕಡಲೆಕಾಯಿ ಪರಿಷೆಗೆ ಬಂದಿದ್ದ ಪಾವಗಡದ ಕಡೆಯ ರೈತರೊಬ್ಬರು ನನಗೆ ಹೇಳಿದ್ದು ಇದು: "ಬಿತ್ತೋವಾಗ ಒಂದು ರೇಟು ಸ್ವಾಮಿ, ಕೀಳೋವಾಗ ಇನ್ನೊಂದು. ಯಾವ ಧೈರ್ಯದ ಮೇಲೆ ಎಕರೆಗಟ್ಟಲೆ ಹಾಕೋದು?" ಸುಂಕ ಎಷ್ಟಾದರೂ ಇರಲಿ, ಬಿತ್ತನೆಗೆ ಮುಂಚೆ ಹೇಳಿ, ಕೊಯ್ಲು ಮುಗಿಯುವ ತನಕ ಮುಟ್ಟಬೇಡಿ. ಇದಕ್ಕೆ ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲ.

ಆಮೇಲೆ ದಾಸ್ತಾನು. ನಮ್ಮ ಹಳೇ ಮೈಸೂರು ಕಡೆ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಬರ ಬಂದಾಗ ಊರಿಗೆ ಅದೇ ಆಸರೆ. ಹಗೇವು ತುಂಬಿದೆ ಎಂದು ಗೊತ್ತಿದ್ದರೆ ಸಾಕು, ಜನ ಗಾಬರಿಯಾಗುವುದಿಲ್ಲ. 2008ರಲ್ಲಿ ಜಪಾನ್ ತನ್ನ ಗೋದಾಮಿನಲ್ಲಿದ್ದ ಆಮದು ಅಕ್ಕಿಯನ್ನು ಫಿಲಿಪ್ಪೀನ್ಸಿಗೆ ಕೊಡಬಹುದು ಎಂಬ ಸುದ್ದಿ ಬಂದಿತು. ಅಕ್ಕಿ ಹಡಗು ಹತ್ತುವ ಮೊದಲೇ ಬೆಲೆ ಇಳಿಯತೊಡಗಿತು. ಯಾರ ಹತ್ತಿರ ಎಷ್ಟಿದೆ ಎಂದು ಎಲ್ಲ ದೇಶಗಳೂ ತೆರೆದು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ. 2011ರಲ್ಲಿ ಜಿ-20 ದೇಶಗಳು ಅದಕ್ಕೊಂದು ವ್ಯವಸ್ಥೆ ಶುರುಮಾಡಿದವು. 2022ರ ಜೂನಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಇನ್ನೊಂದು ಮಾತಿಗೆ ಒಪ್ಪಿದವು: ಹಸಿದವರಿಗೆ ಹಂಚಲು ವಿಶ್ವ ಆಹಾರ ಕಾರ್ಯಕ್ರಮ ಕೊಳ್ಳುವ ಧಾನ್ಯದ ಮೇಲೆ ರಫ್ತು ತಡೆ ಹಾಕುವುದಿಲ್ಲ ಎಂದು. ಬಾಗಿಲು ಹಾಕುವ ಮುಂಚೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡುವ ನಿಯಮವೂ ಬೇಕು ಎಂಬುದು ನನ್ನ ಅಭಿಪ್ರಾಯ.

ದುಡ್ಡಿದ್ದರೆ ಸಾಲದು ಎಂಬುದನ್ನು ನಾವೇ ನೋಡಿದ್ದೇವೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ಜನರ ಖಾತೆಗೆ ಹಣ ಹಾಕಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ. ದೇಶದಲ್ಲೇ ಜಾಸ್ತಿ ರಾಗಿ ಬೆಳೆಯುವವರು ನಾವು. ಒಳ್ಳೆಯ ವರ್ಷದಲ್ಲಿ ಇನ್ನಷ್ಟು ರಾಗಿ ಕೊಂಡು ಇಟ್ಟರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ. ಷಿಕಾಗೋದ ಧಾನ್ಯ ಮಾರುಕಟ್ಟೆಯ ರೇಟು ಅದನ್ನು ಮುಟ್ಟುವುದೂ ಇಲ್ಲ.

ಆ ಮೆಸ್ಸಿನವರಿಗೆ ಅವತ್ತು ಹೇಳಿದ್ದು ಎರಡೇ ಮಾತು. ಹೆದರಿ ಇಪ್ಪತ್ತು ಟಿನ್ ತಂದು ಇಡಬೇಡಿ, ವಾರಕ್ಕೆ ಬೇಕಾದಷ್ಟೇ ತನ್ನಿ. ವಾರದಲ್ಲಿ ಎರಡು ದಿನ ಪೂರಿ ಬಿಟ್ಟು ಮುದ್ದೆ-ಸೊಪ್ಪಿನ ಸಾರು ಹಾಕಿ. ಮುದ್ದೆ ಯಾರು ತಿಂತಾರೆ ಸಾರ್ ಎಂದು ಗೊಣಗಿಕೊಂಡೇ ಶುರುಮಾಡಿದರು. ಎಣ್ಣೆ ರೇಟು ಇಳಿದ ಮೇಲೂ ಆ ಎರಡು ದಿನ ಅವರು ಪೂರಿಗೆ ವಾಪಸ್ ಹೋಗಿಲ್ಲ.