ಅಧ್ಯಯನ ಟಿಪ್ಪಣಿ: ಮಣ್ಣಿನ ಬ್ಲಾಕಿನ ಮನೆ ಮತ್ತು ಮುಗಿಯದ ಓದು

ಮಣ್ಣಿಗೆ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಬ್ಲಾಕ್ ಒತ್ತುವುದನ್ನು ಎರಡು ಮೂರು ದಿನಗಳ ತರಬೇತಿಯಲ್ಲಿ ಕಲಿಯಬಹುದು. ಪ್ರಮಾಣಪತ್ರವೂ ಸಿಗುತ್ತದೆ. ಆಮೇಲೂ ಈ ಕಸುಬಿನವರು ಓದುತ್ತಲೇ ಇರಬೇಕು, ಏಕೆ? ಸುಟ್ಟ ಇಟ್ಟಿಗೆಯ ಗುಣ ಗೂಡಿನಲ್ಲೇ ತೀರ್ಮಾನವಾಗಿ ನಮ್ಮ ಬಳಿ ಬರುತ್ತದೆ. ಮಣ್ಣಿನ ಬ್ಲಾಕಿನ ಗುಣವನ್ನು ನಾವೇ ನಿವೇಶನದಲ್ಲಿ ತೀರ್ಮಾನಿಸಬೇಕು. ಅಲ್ಲಿ ಮಣ್ಣು, ಸಿಮೆಂಟು, ಕೆಲಸಗಾರರು, ಮಾನಕಗಳು ಯಾವುವೂ ಒಂದೇ ತೆರನಾಗಿ ಉಳಿಯುವುದಿಲ್ಲ.

ಹಿನ್ನೆಲೆ ಚುಟುಕಾಗಿ: 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಶುರುವಾಯಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಮಣ್ಣಿನ ಬ್ಲಾಕಿನ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ಕೈಯಿಂದ ಒತ್ತುವ ‘ಅಸ್ತ್ರಂ’ ಯಂತ್ರ ಅದರ ಫಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವೂ ಇತ್ತು.

ಈಗ ಮಣ್ಣು. ಬೆಂಗಳೂರು, ಕೋಲಾರದ ಸುತ್ತಿನ ಕೆಂಪು ಮಣ್ಣಿನಲ್ಲಿರುವ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಜಾತಿಯದು. ನೀರು ಕುಡಿದರೂ ಅಷ್ಟಾಗಿ ಉಬ್ಬದು, ಸಿಮೆಂಟಿಗೆ ಒಗ್ಗುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಇರುತ್ತದೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು, ಅದಕ್ಕೆ ಸುಣ್ಣ ಬೇಕು. ಸುಣ್ಣದ ಕೆಲಸ ನಿಧಾನ, ಕ್ಯೂರಿಂಗ್ ಅಂದರೆ ಬ್ಲಾಕನ್ನು ಒದ್ದೆಯಾಗಿ ಇಟ್ಟು ಬಲಿಸುವ ದಿನಗಳೂ ಹೆಚ್ಚು. ಕೋಲಾರದಲ್ಲಿ ಪಳಗಿದ ಮೇಸ್ತ್ರಿ ತನ್ನ ಅಳತೆಯನ್ನೇ ಗದಗಕ್ಕೆ ಒಯ್ದರೆ ಅನುಭವವೇ ಅಡ್ಡಿಯಾಗುತ್ತದೆ. ಕೆಂಪು ಮಣ್ಣಿನಲ್ಲೂ ಜೇಡಿ ಹೆಚ್ಚಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಸೇರಿಸಬೇಕು. ಎಷ್ಟು ಎಂಬುದಕ್ಕೆ ಮೊದಲ ಸುಳಿವು ಬಾಟಲಿ ಪರೀಕ್ಷೆಯಿಂದ ಸಿಗುತ್ತದೆ: ಗಾಜಿನ ಬಾಟಲಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡುವುದು. ಮರಳು ಕೂಡಲೇ ತಳ ಸೇರುತ್ತದೆ, ಜೇಡಿ ಕೂರಲು ಗಂಟೆಗಟ್ಟಲೆ ಬೇಕು. ಆ ಪದರಗಳನ್ನು ನೋಡದೆ ಸಿಮೆಂಟಿನ ಪ್ರಮಾಣ ಹೇಳುವವರನ್ನು ನಂಬಬೇಡಿ.

ಬ್ಲಾಕ್ ಒತ್ತುವಾಗ ಹೆಚ್ಚಿನವರು ಹಾರಿಸುವ ಭಾಗ ತೂಕದ್ದು. ಒತ್ತುಯಂತ್ರ ಮಿಶ್ರಣವನ್ನು ಒಂದು ನಿಗದಿತ ಗಾತ್ರಕ್ಕೆ ಒತ್ತುತ್ತದೆ, ಒಳಗೆ ಎಷ್ಟು ಹಾಕಿದಿರಿ ಎಂದು ಕೇಳುವುದಿಲ್ಲ. 23×19×10 ಸೆಂ.ಮೀ. ಬ್ಲಾಕಿನ ಗಾತ್ರ 4370 ಘನ ಸೆಂ.ಮೀ. ಪ್ರತಿ ಘನ ಸೆಂ.ಮೀ.ಗೆ 1.8 ಗ್ರಾಂ ಒಣ ಸಾಂದ್ರತೆ ಬೇಕೆಂದರೆ ಒಣ ತೂಕ ಸುಮಾರು 7.9 ಕೆ.ಜಿ. ಆಗಬೇಕು. ಶೇ 10ರಷ್ಟು ನೀರು ಸೇರಿದರೆ ಅಚ್ಚಿಗೆ ಬೀಳಬೇಕಾದ್ದು ಸುಮಾರು 8.65 ಕೆ.ಜಿ. ಬೇಗ ಮುಗಿಸುವ ಆತುರದಲ್ಲಿ ಕಣ್ಣಂದಾಜಿಗೆ 8 ಕೆ.ಜಿ. ಹಾಕಿದರೂ ಬ್ಲಾಕ್ ಅಷ್ಟೇ ಅಂದವಾಗಿ ಹೊರಬರುತ್ತದೆ. ಆದರೆ ಸಾಂದ್ರತೆ 1.66ಕ್ಕೆ ಇಳಿದು, ಅದರ ಹಿಂದೆಯೇ ಬಲವೂ ಇಳಿದಿರುತ್ತದೆ. ಈ ಲೆಕ್ಕವನ್ನು ಎಂಜಿನಿಯರ್ ಎಷ್ಟು ಚೆನ್ನಾಗಿ ಬಲ್ಲರೂ ಪ್ರಯೋಜನವಿಲ್ಲ, ತಕ್ಕಡಿಯ ಪಕ್ಕ ನಿಂತು ಮಣ್ಣು ಸುರಿಯುವವನಿಗೆ ಗೊತ್ತಿರಬೇಕು. ಅವನೋ ಮುಂದಿನ ಕೆಲಸಕ್ಕೆ ಸಿಗುವನೆಂಬ ಖಾತ್ರಿಯಿಲ್ಲ. ಆದ್ದರಿಂದ ಪ್ರತಿ ಹೊಸ ತಂಡಕ್ಕೆ ಪಾಠ ಮೊದಲಿನಿಂದ. ನಿರಂತರ ಶಿಕ್ಷಣ ಎಂದಾಗ ವಾಸ್ತುಶಿಲ್ಪಿಗಳ ವಿಚಾರಗೋಷ್ಠಿಗಳಷ್ಟೇ ಕಣ್ಣ ಮುಂದೆ ಬರುವುದು ನನಗೆ ಸರಿಕಾಣುವುದಿಲ್ಲ.

ಸಿಮೆಂಟಿನ ಚೀಲದ ಮೇಲಿನ ಬರಹವನ್ನೂ ಓದಿ. ಹಳೆಯ ಕೈಪಿಡಿಗಳ ಅಳತೆಗಳು ಸಾಮಾನ್ಯವಾಗಿ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದವು. ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಹಾರುಬೂದಿ ಬೆರೆಸಿದ ಪೊಝೊಲಾನಾ ಸಿಮೆಂಟು. ಅದು ಮೊದಲ ದಿನಗಳಲ್ಲಿ ನಿಧಾನವಾಗಿ ಬಲಿಯುತ್ತದೆ, ಹಾಗಾಗಿ ಒದ್ದೆಯಾಗಿ ಇಡುವ ದಿನಗಳಲ್ಲಿ ಜಿಪುಣತನ ಸಲ್ಲದು.

ಮಾನಕಗಳ ವಿಷಯ: ಮಣ್ಣಿನ ಬ್ಲಾಕಿನ ಭಾರತೀಯ ಮಾನಕ 1725ರ 1982ರ ಆವೃತ್ತಿಯ ಜಾಗಕ್ಕೆ 2013ರದ್ದು ಬಂತು. ಕಾಂಕ್ರೀಟಿನ ಜಲ್ಲಿ-ಮರಳಿನ ಮಾನಕ 383 ಹಿಂದೆ ನೈಸರ್ಗಿಕ ಮೂಲದವಕ್ಕಷ್ಟೇ ಸೀಮಿತವಾಗಿತ್ತು, 2016ರ ಪರಿಷ್ಕರಣೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡನ್ನೂ ಒಳಗೆ ತಂದಿತು. ವಾಸದ ಕಟ್ಟಡಗಳ ಇಂಧನ ಉಳಿತಾಯಕ್ಕಾಗಿ ಬಂದ 2018ರ ಇಕೋ ನಿವಾಸ್ ಸಂಹಿತೆ ಹೊಸ ಪ್ರಶ್ನೆಯನ್ನೇ ಎತ್ತಿತು. ಚಳಿ ಪ್ರದೇಶಗಳನ್ನು ಬಿಟ್ಟು ಉಳಿದೆಡೆ, ಛಾವಣಿ ಬಿಟ್ಟು ಮನೆಯ ಹೊರಮೈಯಿಂದ ಒಳಬರುವ ಶಾಖ ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದೆಂದು ಅದು ಹೇಳುತ್ತದೆ. ಅದರ ಲೆಕ್ಕದ ಸೂತ್ರದಲ್ಲಿ ಗೋಡೆಯ ಭಾಗ ಒಂದು, ಕಿಟಕಿಯವು ಎರಡು: ಗಾಜಿನ ಮೂಲಕ ಹರಿಯುವ ಶಾಖ ಮತ್ತು ನೇರ ಬಿಸಿಲು. ಅಂದರೆ ಮಣ್ಣಿನ ಗೋಡೆ ಕಟ್ಟಿ, ಪಶ್ಚಿಮಕ್ಕೆ ಸಜ್ಜವಿಲ್ಲದ ದೊಡ್ಡ ಗಾಜು ಇಟ್ಟರೆ ಗೋಡೆ ಗಳಿಸಿದ್ದನ್ನು ಕಿಟಕಿ ಕಳೆಯುತ್ತದೆ. ‘ಮಣ್ಣು ತಂಪು’ ಎಂದಷ್ಟೇ ಕಲಿತವರಿಗೆ ಇದು ತಿಳಿಯುವುದಿಲ್ಲ.

ಇನ್ನು ಪುಸ್ತಕದಾಚೆಯ ಪಾಠ. ನೀವೇ ಕಟ್ಟಿದ ಮನೆಗೆ ಒಂದೆರಡು ಮಳೆಗಾಲ ಕಳೆದ ಮೇಲೆ ಹೋಗಿ, ಒಳಗಿನ ಕಾಫಿಗೆ ಮೊದಲು ಹೊರಗೋಡೆ ನೋಡಿ. ಕೆಳಗಿನ ಎರಡು ವರಸೆ ಮಾತ್ರ ಸವೆದಿದ್ದರೆ ದೋಷ ಹೆಚ್ಚಾಗಿ ಮಿಶ್ರಣದ್ದಲ್ಲ, ನೆಲದಿಂದ ಸಿಡಿಯುವ ಮಳೆನೀರಿನದು. ಪ್ಲಿಂತ್ (ನೆಲದಿಂದ ಮೇಲೆದ್ದ ಅಡಿಪಾಯದ ಭಾಗ) ಎತ್ತರ ಮತ್ತು ಸೂರಿನ ಚಾಚನ್ನು ಮುಂದಿನ ನಕ್ಷೆಯಲ್ಲಿ ತಿದ್ದಬೇಕು. ಇಡೀ ಗೋಡೆ ಬೆರಳಿಗೆ ಪುಡಿ ಹತ್ತಿಸಿದರೆ ಸಿಮೆಂಟು ಇಲ್ಲವೇ ಕ್ಯೂರಿಂಗ್ ಕಡಿಮೆಯಾಗಿದೆ. ಅಲ್ಲೊಂದು ಇಲ್ಲೊಂದು ಬ್ಲಾಕ್ ಮಾತ್ರ ಸವೆದು ಪಕ್ಕದವು ಗಟ್ಟಿಯಾಗಿದ್ದರೆ, ಮೊದಲ ಅನುಮಾನ ತಕ್ಕಡಿ ಬಳಸದೆ ಒತ್ತಿದ ದಿನಗಳ ಮೇಲೆ ಬರಬೇಕು.